ಮದ್ಯಸಾರದಿಂದ ರಬ್ಬರು ತೆಗೆದ ಸೆರ್ಗೆಯ್ ಲೆಬೆಡೆವ್

ರಬ್ಬರು ಇಲ್ಲದ ನಾಗರಿಕತೆಯನ್ನು ಇಂದು ಊಹಿಸಿಕೊಳ್ಳುವುದು ಕಷ್ಟ. ಸೈಕಲ್ಲಿನ ಟ್ಯೂಬಿನಿಂದ ವಿಮಾನದ ಚಕ್ರದವರೆಗೆ ಅದರ ಸೇವೆ ಹಬ್ಬಿದೆ. ಆದರೆ ಈ ವಸ್ತುವನ್ನು ಕೊಡುವ ಮರ ಎಲ್ಲ ನೆಲದಲ್ಲಿಯೂ ಬೆಳೆಯದು. ಬ್ರೆಜಿಲ್ ದೇಶದ ಕಾಡಿನಲ್ಲಿದ್ದ ಆ ಮರದ ಬೀಜಗಳನ್ನು 1876ರಲ್ಲಿ ಇಂಗ್ಲೆಂಡಿಗೆ ಸಾಗಿಸಲಾಯಿತು. ಅಲ್ಲಿಂದ ಸಿಂಹಳಕ್ಕೂ ಮಲಯಕ್ಕೂ ಸಸಿಗಳು ಹೋದವು. ಮುಂದೆ ಜಗತ್ತಿನ ರಬ್ಬರಿನ ಬಹುಪಾಲು ಕೆಲವೇ ಸಾಮ್ರಾಜ್ಯಗಳ ವಶವಾಯಿತು. 1922ರಲ್ಲಿ ಬ್ರಿಟಿಷರು ರಫ್ತಿಗೆ ಮಿತಿ ಹಾಕಿ ಬೆಲೆಯನ್ನು ಏರಿಸಿದಾಗ, ಮರವಿಲ್ಲದ ದೇಶಗಳೆಲ್ಲ ಕಂಗಾಲಾದವು. ಇಂಥ ಕಾಲದಲ್ಲಿ, ಆಲೂಗಡ್ಡೆಯಿಂದಲೂ ಧಾನ್ಯದಿಂದಲೂ ಬಟ್ಟಿ ಇಳಿಸಿದ ಸಾಮಾನ್ಯ ಮದ್ಯಸಾರವನ್ನು ರಬ್ಬರನ್ನಾಗಿ ಪರಿವರ್ತಿಸುವ ಮಾರ್ಗವನ್ನು ತೋರಿದವನು ರಷ್ಯದ ರಸಾಯನ ವಿಜ್ಞಾನಿ ಸೆರ್ಗೆಯ್ ವಾಸಿಲ್ಯೇವಿಚ್ ಲೆಬೆಡೆವ್.

ಲೆಬೆಡೆವನು 1874ರ ಜುಲೈ ತಿಂಗಳಲ್ಲಿ, ಆಗ ರಷ್ಯ ಸಾಮ್ರಾಜ್ಯಕ್ಕೆ ಸೇರಿದ್ದ ಪೋಲೆಂಡಿನ ಲುಬ್ಲಿನ್ ಪಟ್ಟಣದಲ್ಲಿ ಹುಟ್ಟಿದನು. ತಂದೆ ಮೊದಲು ಉಪಾಧ್ಯಾಯ, ಬಳಿಕ ಪಾದ್ರಿ. ಮಗನು ಇನ್ನೂ ಚಿಕ್ಕವನಾಗಿದ್ದಾಗಲೇ ತಂದೆ ತೀರಿಕೊಂಡನು. ಮಕ್ಕಳನ್ನು ಕಟ್ಟಿಕೊಂಡು ತಾಯಿ ವಾರ್ಸಾ ನಗರವನ್ನು ಸೇರಿದಳು. ಹುಡುಗನ ವಿದ್ಯಾಭ್ಯಾಸ ಅಲ್ಲಿಯೇ ನಡೆಯಿತು. ಮನೆಯ ಆಧಾರವೇ ಕುಸಿದಾಗ ಮಕ್ಕಳ ಓದನ್ನು ನಿಲ್ಲಿಸದೆ ನಡೆಸುವ ತಾಯಂದಿರ ಕಷ್ಟ ಎಷ್ಟೆಂಬುದು ನಮ್ಮಲ್ಲಿ ಅನೇಕರಿಗೆ ಪುಸ್ತಕದಿಂದ ತಿಳಿಯಬೇಕಾದ ಸಂಗತಿಯಲ್ಲ.

1895ರಲ್ಲಿ ಅವನು ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯವನ್ನು ಸೇರಿ, ಫವೋರ್ಸ್ಕಿ ಎಂಬ ಹೆಸರಾಂತ ಅಧ್ಯಾಪಕನ ಶಿಷ್ಯನಾದನು. 1900ರಲ್ಲಿ ಪದವಿ ದೊರೆಯಿತು. ಪದವಿ ದೊರೆತೊಡನೆ ಸಂಶೋಧನೆಯ ಪೀಠವೇನೂ ಅವನಿಗಾಗಿ ಕಾದಿರಲಿಲ್ಲ. ಒಂದು ಸಾಬೂನು ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ದುಡಿದನು. ರೈಲು ಹಳಿಗಳ ಉಕ್ಕಿನ ಪರೀಕ್ಷೆಯಲ್ಲಿಯೂ ಕೆಲಸ ಮಾಡಿದನು. 1902ರಲ್ಲಿ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ ಸಹಾಯಕನ ಸ್ಥಾನ ಸಿಕ್ಕಿತು. 1905ರಲ್ಲಿ ಅನ್ನಾ ಒಸ್ತ್ರೌಮೊವಾ ಎಂಬ ಚಿತ್ರಕಲಾವಿದೆಯನ್ನು ಮದುವೆಯಾದನು. ಮರದ ಅಚ್ಚಿನ ಚಿತ್ರಕಲೆಯಲ್ಲಿ ಆಕೆಯ ಹೆಸರು ರಷ್ಯದಲ್ಲೆಲ್ಲ ಪ್ರಸಿದ್ಧವಾದುದು. ವಿಜ್ಞಾನವೂ ಕಲೆಯೂ ಒಂದೇ ಸೂರಿನ ಕೆಳಗೆ ಬಾಳಿದ ಮನೆ ಅದು.

ಚಿಕ್ಕ ಅಣುಗಳು ಸರಪಣಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿ ದೊಡ್ಡ ಅಣುಗಳಾಗುವ ಬಗೆಯನ್ನು ಲೆಬೆಡೆವನು ತನ್ನ ಮುಖ್ಯ ವ್ಯಾಸಂಗವನ್ನಾಗಿ ಮಾಡಿಕೊಂಡನು. ಬ್ಯೂಟಾಡೈಯೀನ್ ಎಂಬ ಅನಿಲದ ಅಣುಗಳನ್ನು ಹೀಗೆ ಕೂಡಿಸಿದರೆ ರಬ್ಬರಿನಂತಹ ವಸ್ತು ದೊರೆಯುವುದೆಂದು 1910ರ ವೇಳೆಗೆ ತೋರಿಸಿಕೊಟ್ಟನು. 1913ರಲ್ಲಿ ಈ ವಿಷಯದ ಮೇಲೆ ಪ್ರಬಂಧವನ್ನೂ ಪ್ರಕಟಿಸಿದನು. ಆದರೆ ಬ್ಯೂಟಾಡೈಯೀನನ್ನು ಅಗ್ಗವಾಗಿ ತಯಾರಿಸುವ ಉಪಾಯ ಆಗ ಇರಲಿಲ್ಲ. ಅಷ್ಟರಲ್ಲಿ ಮಹಾಯುದ್ಧ ಬಂದಿತು, ಕ್ರಾಂತಿ ಬಂದಿತು. ಲೆಬೆಡೆವನು ಸೈನಿಕ ವೈದ್ಯಕೀಯ ಅಕಾಡೆಮಿಯಲ್ಲಿ ಅಧ್ಯಾಪಕನಾಗಿ, ಮುಂದಿನ ವೈದ್ಯರಿಗೆ ರಸಾಯನಶಾಸ್ತ್ರದ ಪಾಠ ಹೇಳುತ್ತಿದ್ದನು.

1926ರಲ್ಲಿ ಸೋವಿಯತ್ ಸರ್ಕಾರ ಒಂದು ಸ್ಪರ್ಧೆಯನ್ನು ಸಾರಿತು. ದೇಶದಲ್ಲಿಯೇ ಸಿಗುವ ಅಗ್ಗದ ವಸ್ತುವಿನಿಂದ ಕೃತಕ ರಬ್ಬರನ್ನು ತಯಾರಿಸಬೇಕು. ಅದರ ವಿಧಾನವನ್ನೂ, 2 ಕಿಲೋಗ್ರಾಂ ರಬ್ಬರನ್ನೂ 1928ರ ಜನವರಿ 1ರೊಳಗೆ ಒಪ್ಪಿಸಬೇಕು. ಆಗ ಲೆಬೆಡೆವನಿಗೆ ವಯಸ್ಸು 50 ದಾಟಿತ್ತು. ಕೈಬೆರಳಲ್ಲಿ ಎಣಿಸಬಹುದಾದಷ್ಟು ಮಂದಿ ಸಹಾಯಕರನ್ನು ಕೂಡಿಸಿಕೊಂಡು ಅವನು ಕೆಲಸಕ್ಕೆ ಇಳಿದನು. ಹಗಲು ಅವರವರ ನೌಕರಿ. ಸಂಜೆಯಲ್ಲಿಯೂ ಭಾನುವಾರಗಳಲ್ಲಿಯೂ ರಬ್ಬರಿನ ಕೆಲಸ. ಬ್ಯೂಟಾಡೈಯೀನ್ ಸೊನ್ನೆಗಿಂತ ಸುಮಾರು 4 ಡಿಗ್ರಿ ಕೆಳಗೇ ಕುದಿಯುವ ಅನಿಲವಾದ್ದರಿಂದ ಅದನ್ನು ಹಿಡಿದಿಡಲು ಬಹಳ ತಂಪು ಬೇಕು. ಅದಕ್ಕಾಗಿ ಅವರೇ ನದಿಗೆ ಹೋಗಿ ಹೆಪ್ಪುಗಟ್ಟಿದ ಮಂಜುಗಡ್ಡೆಯನ್ನು ತರುತ್ತಿದ್ದರು.

ಮೊದಲು ಅವರು ಖನಿಜ ತೈಲದ ಕಡೆ ನೋಡಿದರು. ಕಡೆಗೆ ಮದ್ಯಸಾರದ ಕಡೆಗೆ ತಿರುಗಿದರು. ಇಲ್ಲಿ ರಸಾಯನದ ಸೂಕ್ಷ್ಮವನ್ನು ಸ್ವಲ್ಪ ತಿಳಿಯಬೇಕು. ಮದ್ಯಸಾರದ ಆವಿಯನ್ನು ಕಾದ ಅಲ್ಯೂಮಿನಾ ಪುಡಿಯ ಮೇಲೆ ಹಾಯಿಸಿದರೆ ಅದರಿಂದ ನೀರು ಕಳಚಿ ಎಥಿಲೀನ್ ಆಗುತ್ತದೆ. ಬೇರೆ ಕೆಲವು ವಸ್ತುಗಳ ಮೇಲೆ ಹಾಯಿಸಿದರೆ ಜಲಜನಕ ಕಳಚಿ ಆಲ್ಡಿಹೈಡ್ ಆಗುತ್ತದೆ. ತಾವು ವ್ಯಯವಾಗದೆ ಇತರ ವಸ್ತುಗಳ ಮಾರ್ಪಾಟನ್ನು ತ್ವರಿತಗೊಳಿಸುವ ಇಂಥ ಪದಾರ್ಥಗಳಿಗೆ ಕ್ರಿಯಾವರ್ಧಕಗಳೆಂದು ಹೆಸರು. ಮದುವೆಯಲ್ಲಿ ಎರಡು ಮನೆಗಳನ್ನು ಕೂಡಿಸಿ ತಾನು ಮಾತ್ರ ಹಾಗೆಯೇ ಉಳಿಯುವ ನಡುವಣ ಹಿರಿಯನಂತೆ ಇವುಗಳ ವರ್ತನೆ. ಮದ್ಯಸಾರದಿಂದ ಅತಿ ಸ್ವಲ್ಪ ಬ್ಯೂಟಾಡೈಯೀನ್ ಹುಟ್ಟುವುದನ್ನು ಇಪಾತ್ಯೆವ್ ಎಂಬ ರಷ್ಯನ್ ವಿಜ್ಞಾನಿ ಹಿಂದೆಯೇ ಕಂಡಿದ್ದನು. ಆದರೆ ಆ ಪ್ರಮಾಣ ಕಾರ್ಖಾನೆಗೆ ಸಾಲದು. ಲೆಬೆಡೆವನು ನೀರನ್ನು ತೆಗೆಯುವ ವಸ್ತುವನ್ನೂ ಜಲಜನಕವನ್ನು ತೆಗೆಯುವ ವಸ್ತುವನ್ನೂ ಬೆರೆಸಿ ಒಂದೇ ಕ್ರಿಯಾವರ್ಧಕವನ್ನಾಗಿ ಮಾಡಿದನು. ಸುಮಾರು 400 ಡಿಗ್ರಿ ಶಾಖದಲ್ಲಿ ಅದರ ಮೇಲೆ ಹಾಯ್ದಾಗ ಮದ್ಯಸಾರದ ಎರಡು ಅಣುಗಳು ಎರಡು ಅಣು ನೀರನ್ನೂ ಒಂದು ಅಣು ಜಲಜನಕವನ್ನೂ ಬಿಟ್ಟುಕೊಟ್ಟು, ಒಂದು ಅಣು ಬ್ಯೂಟಾಡೈಯೀನ್ ಆಗಿ ಕೂಡಿಕೊಂಡವು. ಬಳಿಕ ಸೋಡಿಯಂ ಲೋಹದ ಸಂಪರ್ಕದಿಂದ ಆ ಅನಿಲ ರಬ್ಬರಾಯಿತು. 1927ರ ಡಿಸೆಂಬರ್ ಕೊನೆಯಲ್ಲಿ, ಗಡುವು ಮುಗಿಯಲು ಒಂದೆರಡು ದಿನವಿರುವಾಗ, 2 ಕಿಲೋಗ್ರಾಂ ರಬ್ಬರು ಮಾಸ್ಕೋ ನಗರಕ್ಕೆ ಹೊರಟಿತು.

ಗೆಲುವು ಲೆಬೆಡೆವನದಾಯಿತು. ಲೆನಿನ್‌ಗ್ರಾಡಿನ ಪ್ರಾಯೋಗಿಕ ಕಾರ್ಖಾನೆಯಲ್ಲಿ 1931ರ ಫೆಬ್ರವರಿಯಲ್ಲಿ 260 ಕಿಲೋಗ್ರಾಂ ತೂಕದ ಮೊದಲ ಗಟ್ಟಿ ಸಿದ್ಧವಾಯಿತು. ಅದೇ ವರ್ಷ ಅವನಿಗೆ ಲೆನಿನ್ ಪದಕ ದೊರೆಯಿತು. 1932ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ಬಂದಿತು. ಆ ವರ್ಷದ ಜುಲೈನಲ್ಲಿ ಯರೊಸ್ಲಾವ್ಲ್ ನಗರದ ದೊಡ್ಡ ಕಾರ್ಖಾನೆ ಕೆಲಸ ಆರಂಭಿಸಿತು. ವೊರೊನೆಜ್, ಎಫ್ರೆಮೊವ್ ಮುಂತಾದೆಡೆಗಳಲ್ಲಿಯೂ ಕಾರ್ಖಾನೆಗಳು ಎದ್ದವು.

ಇಲ್ಲಿಗೆ ಕಥೆಯನ್ನು ಮುಗಿಸಿ ಜಯಕಾರ ಹಾಕುವುದು ಸುಲಭ. ಆದರೆ ಚರಿತ್ರೆಯನ್ನು ಓದುವ ನಮಗೆ ಇನ್ನೊಂದು ಪುಟವೂ ಕಾಣಬೇಕು. ರಬ್ಬರಿನ ಮೂಲ ಮದ್ಯಸಾರ. ಮದ್ಯಸಾರದ ಮೂಲ ಆಲೂಗಡ್ಡೆ ಮತ್ತು ಧಾನ್ಯ. ಲೆಕ್ಕದ ಪ್ರಕಾರ 100 ಕಿಲೋಗ್ರಾಂ ಮದ್ಯಸಾರದಿಂದ ಹೆಚ್ಚೆಂದರೆ 58 ಕಿಲೋಗ್ರಾಮಿಗೆ ತುಸು ಮೇಲ್ಪಟ್ಟು ಬ್ಯೂಟಾಡೈಯೀನ್ ಬರಬಹುದು. ಕಾರ್ಖಾನೆಯಲ್ಲಿ ಬರುವುದು ಅದಕ್ಕಿಂತ ಕಡಿಮೆ. ಕಾರ್ಖಾನೆಗಳು ಎದ್ದ 1932-33ರಲ್ಲಿಯೇ ಯುಕ್ರೇನ್, ವೋಲ್ಗಾ ತೀರ, ಕಜಾಕ್‌ಸ್ತಾನಗಳಲ್ಲಿ ಭೀಕರ ಕ್ಷಾಮ ಬಿದ್ದು ಲಕ್ಷಾಂತರ ಜನ ಸತ್ತರು. ಆ ಕ್ಷಾಮಕ್ಕೆ ಕಾರಣ ರೈತರಿಂದ ಧಾನ್ಯವನ್ನು ಕಿತ್ತುಕೊಂಡ ಆಳ್ವಿಕೆಯ ನೀತಿಯೇ ಹೊರತು ಲೆಬೆಡೆವನ ಕ್ರಿಯಾವರ್ಧಕವಲ್ಲ. ಆದರೂ ಅನ್ನವಾಗಬಹುದಾದ ಬೆಳೆ ಚಕ್ರಕ್ಕೆ ಹೋಗಬೇಕೆ ಎಂಬ ಪ್ರಶ್ನೆ ಪ್ರಯೋಗಶಾಲೆಯಲ್ಲಿ ಬಗೆಹರಿಯುವುದಲ್ಲ. ಹೇಗೆ ಮಾಡಬಹುದೆಂಬುದನ್ನು ವಿಜ್ಞಾನ ಹೇಳುತ್ತದೆ. ಎಷ್ಟು ಮಾಡಬೇಕು, ಯಾರ ಪಾಲಿನಿಂದ ತೆಗೆಯಬೇಕು ಎಂಬುದನ್ನು ಸಮಾಜವೇ ನಿರ್ಧರಿಸಬೇಕು. ಕಬ್ಬು ಮತ್ತು ಧಾನ್ಯಗಳಿಂದ ತೆಗೆದ ಎಥನಾಲನ್ನು ಪೆಟ್ರೋಲಿಗೆ ಬೆರೆಸುತ್ತಿರುವ ನಮ್ಮ ದೇಶಕ್ಕೆ ಈ ಪ್ರಶ್ನೆ ಹಳೆಯದಾಗಿಲ್ಲ.

ಲೆಬೆಡೆವನು ತನ್ನ ಕೆಲಸದ ಪೂರ್ಣ ಫಲವನ್ನು ಕಾಣಲಿಲ್ಲ. 1934ರ ಮೇ ತಿಂಗಳ ಆರಂಭದಲ್ಲಿ, 60 ತುಂಬುವ ಮೊದಲೇ, ಟೈಫಸ್ ಜ್ವರದಿಂದ ತೀರಿಕೊಂಡನು. ಲೆನಿನ್‌ಗ್ರಾಡಿನ ಅಲೆಕ್ಸಾಂಡರ್ ನೆವ್ಸ್ಕಿ ಮಠದ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಪತ್ನಿ ಅನ್ನಾ, ಎರಡನೆಯ ಮಹಾಯುದ್ಧದಲ್ಲಿ ಆ ನಗರ ಅನುಭವಿಸಿದ ಮುತ್ತಿಗೆಯನ್ನೂ ದಾಟಿ 1955ರವರೆಗೆ ಬಾಳಿದಳು.

1942ರಲ್ಲಿ ಮಲಯದ ತೋಟಗಳು ಜಪಾನಿನ ಕೈಗೆ ಬಿದ್ದಾಗ, ಅಮೆರಿಕವೂ ತುಸು ಬೇರೆಯ ಕ್ರಮದಿಂದ ಮದ್ಯಸಾರವನ್ನೇ ಬ್ಯೂಟಾಡೈಯೀನ್ ಮಾಡಿಕೊಂಡಿತು. 1960ರ ದಶಕದಲ್ಲಿ ನಮ್ಮ ಉತ್ತರ ಪ್ರದೇಶದ ಬರೇಲಿಯಲ್ಲಿಯೂ ಮದ್ಯಸಾರದಿಂದ ಕೃತಕ ರಬ್ಬರನ್ನು ತಯಾರಿಸುವ ಕಾರ್ಖಾನೆ ನಡೆಯಿತು. ಮುಂದೆ ಪೆಟ್ರೋಲಿಯಂ ಅಗ್ಗವಾದಂತೆ ಜಗತ್ತು ಈ ಮಾರ್ಗವನ್ನು ಬಹುಮಟ್ಟಿಗೆ ಬಿಟ್ಟಿತು. ತೈಲದ ಚಿಂತೆ ಹೆಚ್ಚಿದ ಈಚಿನ ವರ್ಷಗಳಲ್ಲಿ ವಿಜ್ಞಾನಿಗಳು ಮತ್ತೆ ಅದರ ಕಡೆ ತಿರುಗಿ ನೋಡುತ್ತಿದ್ದಾರೆ.

ಸಾಬೂನು ಕಾರ್ಖಾನೆಯಲ್ಲಿ ದುಡಿಮೆಯನ್ನು ಆರಂಭಿಸಿ, ಹಗಲು ಪಾಠ ಹೇಳಿ, ರಾತ್ರಿ ನದಿಯ ಮಂಜುಗಡ್ಡೆಯನ್ನು ನೆಚ್ಚಿ ಸಂಶೋಧನೆ ನಡೆಸಿದ ಈ ಅಧ್ಯಾಪಕನ ಬಾಳು ನಮ್ಮಂಥ ವಿದ್ಯಾರ್ಥಿಗಳಿಗೆ ಧೈರ್ಯ ಕೊಡುವಂಥದು. ಸೌಕರ್ಯಗಳೆಲ್ಲ ಒದಗಿದ ಮೇಲೆ ಕೆಲಸ ಆರಂಭಿಸೋಣವೆಂದು ಅವನು ಕುಳಿತಿದ್ದರೆ ಆ ಡಿಸೆಂಬರಿನ 2 ಕಿಲೋಗ್ರಾಂ ರಬ್ಬರು ಹೊರಡುತ್ತಲೇ ಇರಲಿಲ್ಲ.