ಸದ್ದು ಸಹಿಸದ ಮೆಕ್ಯಾನಿಕ್: ಹೆನ್ರಿ ರಾಯ್ಸ್

ಛಾವಣಿ ತೆರೆಯುವ ಹೊಸ ದುಬಾರಿ ಕಾರೊಂದು ಕೋರದ ಹತ್ತಿರ ಯಾವುದಾದರೂ ಟೀ ಅಂಗಡಿ ಮುಂದೆ ಬಂದು ನಿಂತರೆ ಏನಾಗುತ್ತೆ ಅಂತ ಊಹಿಸೋದು ಕಷ್ಟವಲ್ಲ. ಐದು ನಿಮಿಷದಲ್ಲಿ ಸುತ್ತ ಹದಿನೈದು ಜನ ಸೇರುತ್ತಾರೆ. ಮೊದಲ ಪ್ರಶ್ನೆ ಬೆಲೆ ಎಷ್ಟು, ಎರಡನೆಯದು ಮೈಲೇಜ್ ಎಷ್ಟು, ಮೂರನೆಯದು ಮಳೆ ಬಂದರೆ ಏನು ಗತಿ. ಅಷ್ಟರಲ್ಲಿ ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಹೊರಟ ಲಾರಿಯೊಂದು ಪಕ್ಕದಲ್ಲೇ ಹಾದು ಹೋಗಿ, ಲೆದರ್ ಸೀಟಿನ ಮೇಲೆ ಒಂದು ಪದರ ಧೂಳು ಕೂರುತ್ತೆ. ಇಂಥ ಕಾರಿನಲ್ಲಿ ಕೂತು ಗಾಳಿ ಕುಡಿಯೋದು ಒಂದು ಪಾಲಾದರೆ ಅದನ್ನು ಸಾಕೋದು ಒಂಬತ್ತು ಪಾಲು.

ಆ ಒಂಬತ್ತು ಪಾಲಿನ ಬಹುಭಾಗವನ್ನು ಕಾರು ಕಾರ್ಖಾನೆಯ ಬಾಗಿಲು ದಾಟುವ ಮೊದಲೇ ಮುಗಿಸಿಬಿಡಬೇಕು ಅಂತ ಹಟ ಹಿಡಿದವನು ಹೆನ್ರಿ ರಾಯ್ಸ್. ರೋಲ್ಸ್ ರಾಯ್ಸ್ ಅನ್ನೋ ಹೆಸರಿನ ಎರಡನೇ ಅರ್ಧ. ಜನ ಮಾತಿಗೆ ಬರೀ ರೋಲ್ಸ್ ಅಂದುಬಿಡುತ್ತಾರೆ. ಕಾರು ಮಾರಿದವನ ಹೆಸರು ಉಳಿದು, ಮಾಡಿದವನ ಹೆಸರು ಬಾಯಿಂದ ಜಾರಿಹೋಗುತ್ತೆ. ಎಂಜಿನಿಯರಿಂಗ್ ಓದುತ್ತಿರೋ ನಾವಾದರೂ ಈ ಅನ್ಯಾಯ ಮಾಡಬಾರದು.

ರಾಯ್ಸ್ ಹುಟ್ಟಿದ್ದು 1863ರ ಮಾರ್ಚ್ 27ರಂದು, ಇಂಗ್ಲೆಂಡಿನ ಪೀಟರ್‌ಬರೋ ಹತ್ತಿರದ ಆಲ್ವಾಲ್ಟನ್ ಅನ್ನೋ ಹಳ್ಳಿಯಲ್ಲಿ. ಅಪ್ಪನಿಗೆ ಹಿಟ್ಟಿನ ಗಿರಣಿ ಇತ್ತು. ಅದು ಕೈಹತ್ತಲಿಲ್ಲ. ಸಂಸಾರ ಲಂಡನ್ನಿಗೆ ಬಂತು, ಹುಡುಗನಿಗೆ ಒಂಬತ್ತು ವರ್ಷ ಆಗಿದ್ದಾಗ ಅಪ್ಪ ತೀರಿಕೊಂಡ. ಆಮೇಲೆ ಬೀದಿಯಲ್ಲಿ ಪೇಪರ್ ಮಾರಿದ್ದು, ಮನೆಮನೆಗೆ ಟೆಲಿಗ್ರಾಂ ತಲುಪಿಸಿದ್ದು. ಎಲ್ಲ ಸೇರಿಸಿದರೆ ಆತ ಶಾಲೆಗೆ ಹೋಗಿದ್ದು ಒಂದು ವರ್ಷದಷ್ಟು ಮಾತ್ರ. ಟೆಲಿಗ್ರಾಂ ಹಂಚುತ್ತಿದ್ದ ಮೇಫೇರ್ ಅನ್ನೋ ಶ್ರೀಮಂತರ ಬಡಾವಣೆಯಲ್ಲೇ 1877ರಲ್ಲಿ ಚಾರ್ಲ್ಸ್ ರೋಲ್ಸ್ ಹುಟ್ಟಿದ್ದು. ಆ ಮನೆಗೆ ಅಭಿನಂದನೆಯ ಟೆಲಿಗ್ರಾಂ ತಂದುಕೊಟ್ಟವನೂ ಈ ಹುಡುಗನೇ ಇದ್ದಿರಬಹುದು ಅಂತ ಒಂದು ಕಥೆ ಇದೆ. ಕಥೆ ಚೆನ್ನಾಗಿದೆ, ಕಥೆಯಾಗಿಯೇ ಇರಲಿ.

ಹದಿನೈದರ ಹೊತ್ತಿಗೆ ಚಿಕ್ಕಮ್ಮನೊಬ್ಬಳು ವರ್ಷಕ್ಕೆ 20 ಪೌಂಡ್ ಕಟ್ಟಿ ಪೀಟರ್‌ಬರೋದ ಗ್ರೇಟ್ ನಾರ್ದರ್ನ್ ರೈಲ್ವೆ ವರ್ಕ್‌ಶಾಪಿಗೆ ಅಪ್ರೆಂಟಿಸ್ ಆಗಿ ಸೇರಿಸಿದಳು. ಮೂರು ವರ್ಷ ನಡೀತು. ಆಮೇಲೆ ಅವಳ ಹತ್ತಿರವೂ ದುಡ್ಡಿಲ್ಲ. ತರಬೇತಿ ಅರ್ಧಕ್ಕೇ ನಿಂತಿತು, ಸರ್ಟಿಫಿಕೇಟು ಸಿಗಲಿಲ್ಲ. ಫೀಸ್ ಕಟ್ಟೋ ಕೊನೆ ದಿನ ಅಂದರೆ ಏನು ಅಂತ ಗೊತ್ತಿರೋ ಕುಣಿಗಲ್ಲು, ಗುಬ್ಬಿ, ಕೋರದ ಕಡೆಯ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಯ್ಸ್ ಲೀಡ್ಸ್‌ಗೆ ಹೋಗಿ ಉಪಕರಣ ತಯಾರಿಸೋ ಕಡೆ ವಾರಕ್ಕೆ 11 ಶಿಲ್ಲಿಂಗ್ ಸಂಬಳಕ್ಕೆ ದುಡಿದ. ಅಲ್ಲಿಂದ ಲಂಡನ್ನಿನ ವಿದ್ಯುತ್ ಕಂಪನಿಯೊಂದಕ್ಕೆ ಸೇರಿದ, ಸಂಜೆ ಹೊತ್ತು ತರಗತಿಗಳಿಗೆ ಹೋದ. ಆಗ ವಿದ್ಯುತ್ ಅನ್ನೋದು ಇವತ್ತಿನ ಎಐ ಇದ್ದ ಹಾಗೆ, ಎಲ್ಲರಿಗೂ ಅದರದ್ದೇ ಮಾತು.

1884ರಲ್ಲಿ ತನ್ನ ಉಳಿತಾಯ 20 ಪೌಂಡ್, ಗೆಳೆಯ ಅರ್ನೆಸ್ಟ್ ಕ್ಲೇರ್‌ಮಾಂಟ್‌ನ 50 ಪೌಂಡ್ ಸೇರಿಸಿ ಮ್ಯಾಂಚೆಸ್ಟರಿನ ಕುಕ್ ಸ್ಟ್ರೀಟ್‌ನಲ್ಲಿ ವರ್ಕ್‌ಶಾಪ್ ತೆರೆದ. ಮೊದಲು ಕರೆಗಂಟೆ, ದೀಪದ ಸಾಮಾನು. ಆಮೇಲೆ ಡೈನಮೋ, ವಿದ್ಯುತ್ ಕ್ರೇನು. ಬಲ್ಬನ್ನು ಒತ್ತಿ ತಿರುಗಿಸಿ ಕೂರಿಸೋ ಹೋಲ್ಡರ್ ನಮ್ಮ ಹಾಸ್ಟೆಲ್ ರೂಮುಗಳಲ್ಲೂ ಇದೆಯಲ್ಲ, ಆ ಬಗೆಯ ಬಯೊನೆಟ್ ಕ್ಯಾಪಿಗೆ 1897ರಲ್ಲಿ ಪೇಟೆಂಟ್ ಪಡೆದವರಲ್ಲಿ ಈತನೂ ಒಬ್ಬ. ಕಾರು ಮಾಡೋ ಯೋಚನೆ ತಲೆಯಲ್ಲೇ ಇರಲಿಲ್ಲ.

ಯೋಚನೆ ಬಂದಿದ್ದು ಸಿಟ್ಟಿನಿಂದ. 1903ರ ಹೊತ್ತಿಗೆ ಡೆಕಾವಿಲ್ ಅನ್ನೋ ಫ್ರೆಂಚ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡ. ಆ ಕಾಲಕ್ಕೆ ಅದು ಕೆಟ್ಟ ಕಾರೇನೂ ಅಲ್ಲ. ಆದರೆ ಸದ್ದು, ನಡುಕ, ಬಿಸಿ, ಸ್ಟಾರ್ಟ್ ಆಗೋಕೆ ಹಟ. ನಾವಾಗಿದ್ದರೆ ಮಾರಿ ಬೇರೆ ತಗೊಳ್ತಿದ್ವಿ. ರಾಯ್ಸ್ ಬಿಚ್ಚಿ ನೋಡಿದ, ಒಂದೊಂದೇ ಭಾಗವನ್ನು ಇನ್ನೂ ಚೆನ್ನಾಗಿ ಮಾಡಬಹುದು ಅಂತ ಕಂಡಿತು, ತಾನೇ ಮೂರು ಕಾರು ಮಾಡೋಕೆ ಕೂತ. ಎರಡು ಸಿಲಿಂಡರ್, 10 ಅಶ್ವಶಕ್ತಿ. ಮೊದಲನೆಯದು ರಸ್ತೆಗಿಳಿದಿದ್ದು 1904ರ ಏಪ್ರಿಲ್ 1ರಂದು. ಮೂರ್ಖರ ದಿನ ಅಂತ ನಕ್ಕವರೂ ಇದ್ದಿರಬೇಕು. ಆದರೆ ಕಾರು ಕುಕ್ ಸ್ಟ್ರೀಟ್‌ನಿಂದ ಹೊರಟು ಸುಮಾರು 24 ಕಿಲೋಮೀಟರ್ ದೂರದ ನಟ್ಸ್‌ಫರ್ಡ್‌ನ ಮನೆಯವರೆಗೆ ಎಲ್ಲೂ ಕೈಕೊಡದೆ ಹೋಯಿತು. ಗಮನಿಸಿ, ಇದರಲ್ಲಿ ಹೊಸ ಆವಿಷ್ಕಾರ ಅಂತ ಹೇಳೋಕೆ ಹೆಚ್ಚೇನಿಲ್ಲ. ಇದ್ದದ್ದನ್ನೇ ಸರಿಯಾಗಿ ಮಾಡಿದ್ದು, ಅಷ್ಟೆ. ನಮ್ಮ ಪ್ರಾಜೆಕ್ಟ್ ಪ್ಯಾನೆಲ್ ಮುಂದೆ ಇಟ್ಟಿದ್ದರೆ ಹೊಸತನ ಏನಿದೆ ಅಂತ ಕೇಳಿ ಮಾರ್ಕ್ಸ್ ಕಡಿಮೆ ಕೊಡ್ತಿದ್ದರೋ ಏನೋ.

ಹಾಗೆ ಹೆದರಿಸಬಹುದಾಗಿದ್ದ ಒಬ್ಬ ಪರೀಕ್ಷಕ ನಿಜಕ್ಕೂ ಬಂದ. ಚಾರ್ಲ್ಸ್ ರೋಲ್ಸ್ ಶ್ರೀಮಂತ ಪ್ರಭುಗಳ ಮನೆ ಹುಡುಗ, ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಿ ಲಂಡನ್ನಿನಲ್ಲಿ ವಿದೇಶಿ ಕಾರು ಮಾರುತ್ತಿದ್ದ. ಎರಡು ಸಿಲಿಂಡರ್ ಕಾರು ಅಂದರೆ ಮೂಗು ಮುರಿಯೋನು. ಹೆನ್ರಿ ಎಡ್ಮಂಡ್ಸ್ ಅನ್ನೋ ಗೆಳೆಯ ಬಲವಂತ ಮಾಡಿ ಇಬ್ಬರನ್ನೂ 1904ರ ಮೇ 4ರಂದು ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಕೂರಿಸಿದ. ರೋಲ್ಸ್‌ಗೆ 26, ರಾಯ್ಸ್‌ಗೆ 41. ಊಟದ ನಂತರ ಕಾರಿನಲ್ಲಿ ಒಂದು ಸುತ್ತು ಹೋಗಿ ಬಂದ ರೋಲ್ಸ್, ರಾಯ್ಸ್ ಎಷ್ಟು ಕಾರು ಮಾಡಿದರೂ ಎಲ್ಲವನ್ನೂ ತಾನೇ ಮಾರೋದಾಗಿ ಒಪ್ಪಿಕೊಂಡ. 1906ರಲ್ಲಿ ಕಂಪನಿಯೂ ಆಯಿತು.

ಈಗ ನಮ್ಮ ಮೆಕ್ಯಾನಿಕಲ್ ಗೆಳೆಯರಿಗೆ ಇಷ್ಟವಾಗೋ ಭಾಗ. ಕಂಪನಿ 30 ಅಶ್ವಶಕ್ತಿಯ ಆರು ಸಿಲಿಂಡರ್ ಕಾರು ಮಾಡಿದಾಗ ಕ್ರ್ಯಾಂಕ್‌ಶಾಫ್ಟ್‌ಗಳು ಮುರಿಯತೊಡಗಿದವು. ಉದ್ದದ ಶಾಫ್ಟು, ಒಂದೊಂದು ಸಿಲಿಂಡರೂ ಬೇರೆ ಬೇರೆ ಹೊತ್ತಿನಲ್ಲಿ ತಳ್ಳುತ್ತೆ. ಬಟ್ಟೆ ಹಿಂಡಿದ ಹಾಗೆ ಶಾಫ್ಟು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತೆ. ಒಂದು ವೇಗದಲ್ಲಿ ಆ ತಿರುಚು ಶಾಫ್ಟಿನ ಸಹಜ ಕಂಪನಕ್ಕೆ ತಾಳೆ ಆಯಿತೋ, ಕಥೆ ಮುಗೀತು. ಡೈನಾಮಿಕ್ಸ್ ಆಫ್ ಮೆಷಿನ್ಸ್ ಪುಸ್ತಕದಲ್ಲಿ ಟಾರ್ಷನಲ್ ವೈಬ್ರೇಷನ್ ಅಂತ ನಾವು ಬಾಯಿಪಾಠ ಮಾಡೋದು ಇದನ್ನೇ. ಮುಂದಿನ ಎಂಜಿನ್ನಿಗೆ ರಾಯ್ಸ್ ಮೂರು ಮೂರು ಸಿಲಿಂಡರಿನ ಎರಡು ಬ್ಲಾಕ್ ಮಾಡಿದ, ಕ್ರ್ಯಾಂಕ್‌ಶಾಫ್ಟನ್ನು ದಪ್ಪ ಮಾಡಿ ಏಳು ಬೇರಿಂಗುಗಳ ಮೇಲೆ ಕೂರಿಸಿದ, ಎಣ್ಣೆಯನ್ನು ಒತ್ತಡದಲ್ಲಿ ಪ್ರತಿ ಬೇರಿಂಗಿಗೂ ಕಳಿಸಿದ. 7,036 ಸಿಸಿಯ ಆ ಎಂಜಿನ್ನಿನಿಂದ ಬರುತ್ತಿದ್ದುದು 48 ಅಶ್ವಶಕ್ತಿ ಮಾತ್ರ. ಇವತ್ತಿನ ಸಣ್ಣ ಹ್ಯಾಚ್‌ಬ್ಯಾಕ್ ಇದನ್ನು ಮೀರಿಸುತ್ತೆ. ಆದರೆ ರಾಯ್ಸ್ ಶಕ್ತಿಯ ಹಿಂದೆ ಹೋಗಿರಲಿಲ್ಲ. ಸದ್ದು ಅಂದರೆ ಎಲ್ಲೋ ಒಂದು ಭಾಗ ಇನ್ನೊಂದನ್ನು ತಿನ್ನುತ್ತಿದೆ ಅನ್ನೋದು ಆತನ ಲೆಕ್ಕ. ಮೌನ ಬೇಕಾಗಿದ್ದು ಸೊಗಸಿಗೆ ಮಾತ್ರ ಅಲ್ಲ, ಬಾಳಿಕೆಗೆ.

1907ರಲ್ಲಿ ಆ 40/50 ಮಾದರಿಯ ಒಂದು ಕಾರಿಗೆ ಬಾರ್ಕರ್ ಕಂಪನಿಯವರು ತೆರೆದ ಛಾವಣಿಯ ಟೂರರ್ ಬಾಡಿ ಕಟ್ಟಿದರು. ರೋಲ್ಸ್ ರಾಯ್ಸ್ ಆಗ ಮಾರುತ್ತಿದ್ದುದು ಚಾಸಿ, ಎಂಜಿನ್ ಮಾತ್ರ. ಮೇಲಿನ ಬಾಡಿಯನ್ನು ಕೊಂಡವರು ತಮಗೆ ಬೇಕಾದ ಹಾಗೆ ಬೇರೆ ಕಡೆ ಕಟ್ಟಿಸಿಕೊಳ್ಳಬೇಕು. ಈ ಕಾರಿಗೆ ಬೆಳ್ಳಿ ಬಣ್ಣ, ಬೆಳ್ಳಿ ಲೇಪದ ಬಿಡಿಭಾಗ, ಹಸಿರು ಲೆದರ್ ಸೀಟು. ಕಂಪನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಕ್ಲಾಡ್ ಜಾನ್ಸನ್ ಅದಕ್ಕೆ ಸಿಲ್ವರ್ ಘೋಸ್ಟ್ ಅಂತ ಹೆಸರಿಟ್ಟ. ದೆವ್ವದ ಹಾಗೆ ಸದ್ದಿಲ್ಲದೆ ಬರುತ್ತೆ ಅಂತ. ಇಷ್ಟು ಚೆಂದದ ಹೊಸ ಕಾರನ್ನು ನಾವಾದರೆ ಬಟ್ಟೆ ಹೊದಿಸಿ ಶೆಡ್ಡಿನಲ್ಲಿ ಇಡ್ತಿದ್ವಿ. ಅವರು ಲಂಡನ್ ಮತ್ತು ಗ್ಲಾಸ್ಗೋ ನಡುವೆ ಅಂದಿನ ಧೂಳು ರಸ್ತೆಯಲ್ಲಿ ಹಗಲು ರಾತ್ರಿ ಓಡಿಸಿದರು. ರಾಯಲ್ ಆಟೊಮೊಬೈಲ್ ಕ್ಲಬ್ಬಿನವರ ಕಣ್ಗಾವಲಿನಲ್ಲಿ 15,000 ಮೈಲಿ. ಶುರುವಿನಲ್ಲಿ ಒಮ್ಮೆ ಪೆಟ್ರೋಲ್ ನಲ್ಲಿ ಅಲುಗಾಡಿ ತಾನೇ ಮುಚ್ಚಿಕೊಂಡು ಒಂದು ನಿಮಿಷ ನಿಂತಿದ್ದು ಬಿಟ್ಟರೆ, ಮುಂದಿನ 14,371 ಮೈಲಿ, ಅಂದರೆ 23,000 ಕಿಲೋಮೀಟರಿಗೂ ಹೆಚ್ಚು, ಕಾರು ತಾನಾಗಿ ಕೆಟ್ಟು ನಿಲ್ಲಲಿಲ್ಲ. ಕೊನೆಗೆ ಪೂರ್ತಿ ಬಿಚ್ಚಿ ಅಳತೆ ಮಾಡಿ, ಹೊಸದರ ಹಾಗೆ ಮಾಡೋಕೆ ಬೇಕಾದ ಬಿಡಿಭಾಗದ ಬೆಲೆ ಹಾಕಿದರು. 2 ಪೌಂಡ್ 2 ಶಿಲ್ಲಿಂಗ್ 7 ಪೆನ್ಸ್.

ಮರುವರ್ಷ ಅದೇ ಮಾದರಿಯ ಇನ್ನೊಂದು ಕಾರು ಹಡಗಿನಲ್ಲಿ ಬೊಂಬಾಯಿಗೆ ಬಂತು. ಪರ್ಲ್ ಆಫ್ ದಿ ಈಸ್ಟ್ ಅದರ ಹೆಸರು. ಬೊಂಬಾಯಿ, ಕೊಲ್ಹಾಪುರದ ನಡುವೆ ಪಶ್ಚಿಮ ಘಟ್ಟದ ಆರು ಕಣಿವೆ ಹಾದಿ ಹತ್ತಿಳಿದು 620 ಮೈಲಿಯ ಸ್ಪರ್ಧೆಯಲ್ಲಿ ಗೆದ್ದಿತು, ಗ್ವಾಲಿಯರ್ ಮಹಾರಾಜರು ಕೊಂಡರು. ಆಮೇಲೆ ನಮ್ಮ ದೇಶದ ಅರಮನೆಗಳಿಗೆ ಈ ಕಾರುಗಳು ಸಾಲಾಗಿ ಬಂದವು. ನಮ್ಮ ಮೈಸೂರಿನವರು ಒಂದೆರಡರಲ್ಲಿ ನಿಲ್ಲಿಸುತ್ತಿರಲಿಲ್ಲವಂತೆ. ಒಂದೇ ಸಲಕ್ಕೆ ಏಳು ಕಾರಿಗೆ ಆರ್ಡರ್ ಕೊಡ್ತಿದ್ದರು, ಅದಕ್ಕೇ ರಾಶಿಗಟ್ಟಲೆ ಕೊಳ್ಳೋದಕ್ಕೆ ಕಂಪನಿಯಲ್ಲಿ ಮೈಸೂರು ಮಾಡೋದು ಅನ್ನೋ ಮಾತೇ ಹುಟ್ಟಿತು ಅಂತ ಹೇಳ್ತಾರೆ. ಕೊಂಡ ಮೇಲೆ ನೋಡಿಕೊಳ್ಳೋದಕ್ಕೂ ಕಂಪನಿ ವ್ಯವಸ್ಥೆ ಮಾಡಿತ್ತು. ಚಾಲಕರಿಗೆ ಪಾಠ ಹೇಳೋಕೆ ಶಾಲೆ ಇತ್ತು. ದುಬಾರಿ ಕಾರು ಹಾಳಾಗೋದು ಬಹುತೇಕ ಮಾಲೀಕನ ಅಸಡ್ಡೆ ಮತ್ತು ಡ್ರೈವರಿನ ಅರೆಜ್ಞಾನದಿಂದ ಅಂತ ಅವರಿಗೆ ಆಗಲೇ ಗೊತ್ತಿತ್ತು.

ಇಷ್ಟೆಲ್ಲ ಜೋಪಾನ ಬಲ್ಲವನು ಒಂದನ್ನು ಮಾತ್ರ ನೋಡಿಕೊಳ್ಳಲಿಲ್ಲ, ತನ್ನ ಮೈಯನ್ನು. ಕುಕ್ ಸ್ಟ್ರೀಟ್‌ನ ಕಾಲದಿಂದಲೂ ಕೆಲಸಕ್ಕೆ ನಿಂತರೆ ಊಟದ ನೆನಪಿಲ್ಲ. ಹಾಲಿನ ಲೋಟ ಹಿಡಿದು ಒಬ್ಬ ಹುಡುಗ ವರ್ಕ್‌ಶಾಪಿನಲ್ಲಿ ಆತನ ಹಿಂದೆ ಹಿಂದೆ ಓಡಾಡಬೇಕಿತ್ತಂತೆ. ಮನೆಗೆ ಹೋದ ಮೇಲೂ ಬಿಡುವಿಲ್ಲ. ತೋಟದಲ್ಲಿ ವಿದ್ಯುತ್ ದೀಪ ಹಾಕಿಸಿಕೊಂಡು ರಾತ್ರಿ ಗಿಡ ನೆಡೋನು. ಕೆಲಸಗಾರರಿಂದಲೂ ಅದೇ ನಿರೀಕ್ಷೆ. ಸುತ್ತಿಗೆ ಹಿಡಿದ ಕ್ರಮ ತಪ್ಪಿದರೂ ರೇಗುತ್ತಿದ್ದ. ಇದನ್ನು ಶ್ರದ್ಧೆ ಅಂತ ಹೊಗಳಿ ಮುಗಿಸೋ ಲೇಖನಗಳು ಬೇಕಾದಷ್ಟಿವೆ. ನಮಗೆ ಹಾಗನ್ನಿಸಲ್ಲ. ಸಬ್‌ಮಿಷನ್ ವಾರದಲ್ಲಿ ಮೂರು ದಿನ ಬರೀ ಟೀ, ಬಿಸ್ಕೆಟ್ಟಿನಲ್ಲಿ ಬದುಕೋದನ್ನು ಸಾಧನೆ ಅಂತ ಹೇಳಿಕೊಳ್ಳೋ ನಮಗೆ ಮುಂದಿನ ಭಾಗ ಸ್ವಲ್ಪ ಹತ್ತಿರದ್ದೇ.

1910ರ ಜುಲೈ 12ರಂದು ರೋಲ್ಸ್ ಬೋರ್ನ್‌ಮತ್‌ನಲ್ಲಿ ವಿಮಾನ ಬಿದ್ದು ಸತ್ತ. ಆಗ ಆತನಿಗೆ 32. ಮರುವರ್ಷ ರಾಯ್ಸ್ ಹಾಸಿಗೆ ಹಿಡಿದ. 1912ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ ಆಯಿತು, ಬದುಕೋದೇ ಅನುಮಾನ ಅನ್ನೋ ಹಾಗಿತ್ತು. ಆಮೇಲೆ ಡರ್ಬಿಯ ಕಾರ್ಖಾನೆಯಿಂದ ಆತನನ್ನು ದೂರವೇ ಇಟ್ಟರು. ಚಳಿಗಾಲಕ್ಕೆ ದಕ್ಷಿಣ ಫ್ರಾನ್ಸಿನ ಲೆ ಕೆನಡೆಲ್, ಉಳಿದಂತೆ ಇಂಗ್ಲೆಂಡಿನ ದಕ್ಷಿಣ ಕರಾವಳಿ. ಹೆಂಡತಿ ಮಿನ್ನಿಯಿಂದ ಬೇರೆಯಾದ. ಎಥೆಲ್ ಆಬಿನ್ ಅನ್ನೋ ನರ್ಸ್ ಕೊನೆಯವರೆಗೂ ಜೊತೆಗಿದ್ದು ನೋಡಿಕೊಂಡಳು. ಬೇರಿಂಗಿಗೆ ಎಣ್ಣೆ ಹೊತ್ತಿಗೆ ಸರಿಯಾಗಿ ತಲುಪಬೇಕು ಅಂತ ಹೇಳಿಕೊಟ್ಟವನಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡಿಸೋದು ಅವಳ ಕೆಲಸ.

ವಿಚಿತ್ರ ಅಂದರೆ ಆತನ ಬಹಳ ದೊಡ್ಡ ಕೆಲಸಗಳು ನಡೆದಿದ್ದು ಈ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲೇ. ಪಕ್ಕದಲ್ಲಿ ಒಂದಿಷ್ಟು ಡ್ರಾಫ್ಟ್ಸ್‌ಮನ್‌ಗಳು. ಆತ ಹೇಳೋದು, ಅವರು ಬರೆಯೋದು, ಡ್ರಾಯಿಂಗು ಡರ್ಬಿಗೆ ಹೋಗೋದು. ಮೊದಲ ಮಹಾಯುದ್ಧದಲ್ಲಿ ಈಗಲ್ ವಿಮಾನ ಎಂಜಿನ್ ಹೀಗೇ ಹುಟ್ಟಿತು. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಲ್ಲೂ ಇಳಿಯದೆ ಅಟ್ಲಾಂಟಿಕ್ ದಾಟಿದ್ದು ಅಂಥ ಎರಡು ಎಂಜಿನ್ನಿನ ಬಲದಿಂದ. ವೆಸ್ಟ್ ವಿಟರಿಂಗ್‌ನ ಕಡಲತೀರದ ಮರಳಿನಲ್ಲಿ ಊರುಗೋಲಿನಿಂದ ಗೀಚಿ ವಿವರಿಸಿದ ಆರ್ ಎಂಜಿನ್ 1929 ಮತ್ತು 1931ರಲ್ಲಿ ಷ್ನೈಡರ್ ಟ್ರೋಫಿ ಗೆಲ್ಲಿಸಿತು. ಆ ಹಾದಿಯಲ್ಲೇ ಮುಂದೆ ಸ್ಪಿಟ್‌ಫೈರ್‌ನ ಮರ್ಲಿನ್ ಬಂತು. ಆ ಕಂಪನಿಯ ವಿಮಾನ ಎಂಜಿನ್ನಿನ ನಂಟು ನಮ್ಮೂರಿನವರೆಗೂ ಇದೆ. ಜಾಗ್ವಾರ್ ಯುದ್ಧವಿಮಾನದ ಆಡೂರ್ ಎಂಜಿನ್ನನ್ನು ಲೈಸೆನ್ಸ್ ಪಡೆದು ತಯಾರಿಸಿದ್ದು ಬೆಂಗಳೂರಿನ ಎಚ್‌ಎಎಲ್. ಅದೇ ಎಚ್‌ಎಎಲ್ ಈಗ ಗುಬ್ಬಿ ತಾಲ್ಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ನಡೆಸುತ್ತಿದೆ, ಅಲ್ಲಿಗೆ ಇಂಡಸ್ಟ್ರಿಯಲ್ ವಿಸಿಟ್ ಹಾಕಿಸಿ ಅಂತ ಕೇಳೋಕೆ ಇದೊಂದು ನೆಪ ಇರಲಿ.

1930ರಲ್ಲಿ ಸರ್ಕಾರ ಆತನಿಗೆ ಬ್ಯಾರನೆಟ್ ಪದವಿ ಕೊಟ್ಟು ಸರ್ ಅಂತ ಕರೆಯಿತು. ಆದರೂ ಆತ ತನ್ನನ್ನು ಮೆಕ್ಯಾನಿಕ್ ಅಂತಲೇ ಕರೆದುಕೊಳ್ಳುತ್ತಿದ್ದ. ತೀರಿಕೊಂಡಿದ್ದು 1933ರ ಏಪ್ರಿಲ್ 22ರಂದು, ವೆಸ್ಟ್ ವಿಟರಿಂಗ್‌ನಲ್ಲಿ. ಅದೇ ವರ್ಷ ಕಾರಿನ ಮುಂದಿನ ಎರಡು ಆರ್ ಅಕ್ಷರಗಳು ಕೆಂಪಿನಿಂದ ಕಪ್ಪಾದದ್ದು ಶೋಕಾಚರಣೆಗೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತೆ. ಅದು ಹಾಗಲ್ಲ. ಕೆಂಪು ಅಕ್ಷರ ಕಾರಿನ ಬಣ್ಣಕ್ಕೆ ಹೊಂದಲ್ಲ ಅಂತ ಆತ ಬದುಕಿದ್ದಾಗಲೇ ಆದ ತೀರ್ಮಾನ ಅದು.

ಸಾಯುವ ಹಿಂದಿನ ದಿನ ಹಾಸಿಗೆಯಲ್ಲಿ ಎದ್ದು ಕೂತು, ಒಂದು ಲಕೋಟೆಯ ಹಿಂಬದಿಯಲ್ಲಿ ಚಿತ್ರವೊಂದನ್ನು ಗೀಚಿದನಂತೆ. ರಸ್ತೆಗೆ ತಕ್ಕ ಹಾಗೆ ಬಿಗಿ, ಸಡಿಲ ಮಾಡಿಕೊಳ್ಳಬಹುದಾದ ಶಾಕ್ ಅಬ್ಸಾರ್ಬರ್, ಹಿಂದೆ ಕೂತವರಿಗೆ ಕುಲುಕು ಇನ್ನೂ ಸ್ವಲ್ಪ ಕಡಿಮೆಯಾಗಲಿ ಅಂತ. ಅದನ್ನು ಕಾರ್ಖಾನೆಯ ಹುಡುಗರಿಗೆ ತಪ್ಪದೆ ತಲುಪಿಸು ಅಂತ ಹೇಳಿ ಎಥೆಲ್ ಆಬಿನ್ ಕೈಗೆ ಕೊಟ್ಟ. ಲಕೋಟೆ ಡರ್ಬಿ ಮುಟ್ಟೋ ಹೊತ್ತಿಗೆ ರಾಯ್ಸ್ ಇರಲಿಲ್ಲ.