ಮಹಾರಾಣಿ ಲಕ್ಷ್ಮಮ್ಮಣ್ಣಿ: ಅಂತಃಪುರದ ಗುಟ್ಟು, ನಾಡಿನ ಋಣ



ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಅರಸುಮನೆತನದ ಒಬ್ಬ ವಿಧವೆಯ ಚರಿತ್ರೆಗೆ ಏನು ಸ್ಥಾನವೆಂದು ಕೆಲವರಿಗೆ ತೋರಬಹುದು. ಮಂಡ್ಯ, ಮದ್ದೂರು, ಮಳವಳ್ಳಿಗಳ ಈ ಸೀಮೆ ಪರಕೀಯರ ಅಂಕೆಗೆ ಒಳಗಾದ ಬಗೆಯನ್ನು ಅರಿಯಬೇಕಾದರೆ ಶ್ರೀರಂಗಪಟ್ಟಣದ ಅಂತಃಪುರದಿಂದಲೇ ಆರಂಭಿಸಬೇಕು.

ಲಕ್ಷ್ಮಮ್ಮಣ್ಣಿಯವರು ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ. 1761ರಲ್ಲಿ ಅಧಿಕಾರವು ಹೈದರಲಿಯ ಕೈಸೇರಿದ ಮೇಲೆ ಒಡೆಯರು ಹೆಸರಿಗಷ್ಟೇ ದೊರೆಗಳಾಗಿ ಉಳಿದರು. 1766ರಲ್ಲಿ ರಾಣಿಯವರಿಗೆ ಪತಿವಿಯೋಗವಾಯಿತು. ಬಳಿಕ ಪಟ್ಟವೇರಿದ ನಂಜರಾಜ ಒಡೆಯರು 1770ರಲ್ಲಿ ಹತರಾದರು. ಬೆಟ್ಟದ ಚಾಮರಾಜ ಒಡೆಯರು 1776ರಲ್ಲಿ ಗತಿಸಿದರು. ದಸರೆಯಲ್ಲಿ ಪ್ರಜೆಗಳಿಗೆ ದರ್ಶನವೀಯುವುದೊಂದೇ ದೊರೆಗೆ ಉಳಿದ ರಾಜಕಾರ್ಯವಾಗಿತ್ತು.

ಇಂಥ ಸೆರೆಯಲ್ಲಿದ್ದುಕೊಂಡೇ ರಾಣಿಯವರು ಮಂಡ್ಯಂ ಅಯ್ಯಂಗಾರ್ ಮನೆತನದ ಪ್ರಧಾನ್ ತಿರುಮಲರಾಯರ ಮೂಲಕ ಮದರಾಸಿನ ಈಸ್ಟ್ ಇಂಡಿಯಾ ಕಂಪನಿಯೊಡನೆ ಗುಪ್ತ ವ್ಯವಹಾರ ನಡೆಸಿದರು. 1782ರ ಅಕ್ಟೋಬರ್ 28ರಂದು ತಂಜಾವೂರಿನಲ್ಲಿ ಒಪ್ಪಂದವಾಯಿತು. ಸಿಂಹಾಸನ ಮರಳಿದರೆ ಕಂಪನಿಗೆ ಹಣ ಸಲ್ಲಬೇಕು. ಪ್ರಧಾನರಿಗೂ ಪ್ರತಿಫಲದ ವಾಗ್ದಾನವಿತ್ತು. ಈ ಗುಟ್ಟಿನ ಬೆಲೆಯನ್ನು ಮೊದಲು ತೆತ್ತವರು ಅನ್ಯರು. 1783ರಲ್ಲಿ ಪಟ್ಟಣದೊಳಗಿನ ಒಳಸಂಚು ಬಯಲಾಗಿ ಹಲವರು ಪ್ರಾಣ ತೆತ್ತರು. ಪ್ರಧಾನರ ಬಂಧುಗಳು ನರಕಚತುರ್ದಶಿಯಂದು ಹತರಾದರೆಂಬ ನೆನಪಿನಿಂದ ಮಂಡ್ಯಂ ಅಯ್ಯಂಗಾರ್ ಕುಟುಂಬಗಳು ಇಂದಿಗೂ ಆ ಹಬ್ಬವನ್ನು ಆಚರಿಸುವುದಿಲ್ಲ. ಆಂಗ್ಲರಿಗೆ ನೆರವಾದರೆಂಬ ಶಂಕೆಗೆ ಗುರಿಯಾಗಿ ಕರಾವಳಿಯ ಸಹಸ್ರಾರು ಕ್ರೈಸ್ತರು 1784ರಲ್ಲಿ ಅದೇ ಪಟ್ಟಣಕ್ಕೆ ಸೆರೆಯಾಳುಗಳಾಗಿ ಬಂದರು. ಅರಮನೆಯ ಸಂಧಾನದ ಸುಳಿವೂ ಅವರಿಗಿರಲಿಲ್ಲ.

1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪುವಿನ ಸೈನ್ಯ ಹಿಮ್ಮೆಟ್ಟಿತು. ಮೇ 4ರಂದು ಕೋಟೆ ಬಿದ್ದು ಸುಲ್ತಾನನು ಮಡಿದನು. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ರಾಣಿಯವರ ದೀರ್ಘ ತಪಸ್ಸು ಫಲಿಸಿತು. ಆದರೆ ಫಲವನ್ನು ಅಳೆದು ಕೊಟ್ಟವರು ಕಂಪನಿಯವರು. ರಾಜ್ಯದ ಬಹುಭಾಗವನ್ನು ಕಂಪನಿ ಮತ್ತು ನಿಜಾಮರು ಹಂಚಿಕೊಂಡರು. ಶ್ರೀರಂಗಪಟ್ಟಣ ದ್ವೀಪವನ್ನೂ ಕಂಪನಿಯೇ ಇಟ್ಟುಕೊಂಡಿತು. ವರ್ಷಕ್ಕೆ 7 ಲಕ್ಷ ವರಹಗಳ ಪೊಗದಿ ಗೊತ್ತಾಯಿತು. ದಿವಾನಗಿರಿ ತಿರುಮಲರಾಯರಿಗೆ ದೊರೆಯದೆ ಟಿಪ್ಪುವಿನ ಮಂತ್ರಿಯಾಗಿದ್ದ ಪೂರ್ಣಯ್ಯನವರ ಪಾಲಾಯಿತು. ರಾಣಿಯವರು 1810ರಲ್ಲಿ ತೀರಿಕೊಂಡರು. ಅವರು ಪಟ್ಟ ಕಟ್ಟಿಸಿದ ದೊರೆಯ ಕೈಯಿಂದಲೇ 1831ರಲ್ಲಿ ಆಂಗ್ಲರು ಆಡಳಿತವನ್ನು ಕಿತ್ತುಕೊಂಡರು. ಅದು ಮನೆತನಕ್ಕೆ ಮರಳಿದ್ದು 1881ರಲ್ಲಿ.

ಆಕೆಯನ್ನು ದೇಶದ್ರೋಹಿಯೆಂದು ನಿಂದಿಸುವುದು ಸುಲಭ. ಮಕ್ಕಳ ಹಕ್ಕನ್ನು ಕಳೆದುಕೊಂಡು ಕಾವಲಿನಲ್ಲಿ ಬಾಳಿದ ವಿಧವೆಗೆ ಬೇರಾವ ದಾರಿಯಿತ್ತೆಂದು ಕೇಳಿಕೊಂಡರೆ ನಾಲಗೆ ತಡವರಿಸುತ್ತದೆ. ಆದರೂ, ಒಂದು ಮನೆಯ ಉಳಿವಿಗೆಂದು ಗುಟ್ಟಾಗಿ ಮಾಡಿದ ಸಾಲವನ್ನು ಊರೆಲ್ಲ ತೀರಿಸಬೇಕಾಯಿತೆಂಬುದು ಸತ್ಯ. ಪೊಗದಿಯ ಹಣ ಹುಟ್ಟಿದ್ದು ರಾಗಿಯ ಹೊಲಗಳಲ್ಲಿ, ರೈತನ ಬೆವರಿನಲ್ಲಿ.

ನಮ್ಮ ಸಭೆಯೂ ಈ ಪರಂಪರೆಯ ಹೊರಗಿಲ್ಲ. 1799ರ ನಂತರವೇ ಅಬ್ಬೆ ದುಬ್ವಾ ಗುರುಗಳು ಶ್ರೀರಂಗಪಟ್ಟಣಕ್ಕೆ ಬಂದು ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿದರು, ಸಿಡುಬಿನ ವಿರುದ್ಧ ದೇವಿ ಹಾಕುವ ಕಾರ್ಯದಲ್ಲಿಯೂ ಶ್ರಮಿಸಿದರು. ಅವರ ಸೇವೆ ಪವಿತ್ರವಾದುದು. ಅವರಿಗೆ ಬಾಗಿಲು ತೆರೆದದ್ದು ಮಾತ್ರ ಕಂಪನಿಯ ಜಯ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ನಮ್ಮ ಮನೆಗಳಲ್ಲಿಯೂ ಹಿರಿಯರು ಬಚ್ಚಿಟ್ಟ ಋಣಗಳಿರಬಹುದು. ಅವನ್ನು ಮರೆಮಾಡದೆ ತೀರಿಸುವ ಧೈರ್ಯವನ್ನು ಸರ್ವೇಶ್ವರನು ನಮಗೆ ಕರುಣಿಸಲಿ.