ಗಾಳಿಯ ಮರ್ಮವನ್ನರಿತ ಪ್ರೊಫೆಸರ್ ಸತೀಶ್ ಧವನ್

ಮಾಗಡಿಯವರಾದ ನಮಗೆ ಬೆಂಗಳೂರು ಪರವೂರಲ್ಲ. 1537ರಲ್ಲಿ ಆ ನಗರಕ್ಕೆ ಅಸ್ತಿಭಾರ ಹಾಕಿದ ಕೆಂಪೇಗೌಡರ ವಂಶದವರು ಮುಂದೆ ನಮ್ಮ ಮಾಗಡಿಯಿಂದಲೇ ಆಳಿದರು. ಹೊರನಾಡಿನಲ್ಲಿ ಹುಟ್ಟಿ, ಅರ್ಧ ಶತಮಾನ ಬೆಂಗಳೂರನ್ನೇ ತಮ್ಮದಾಗಿ ಮಾಡಿಕೊಂಡು ದುಡಿದ ಮಹನೀಯರಲ್ಲಿ ಪ್ರೊಫೆಸರ್ ಸತೀಶ್ ಧವನ್ ಒಬ್ಬರು. ಅವರ ಹೆಸರನ್ನು ರಾಕೆಟ್ಟುಗಳೊಡನೆ ಸೇರಿಸಿ ಕೇಳಿದವರೇ ಹೆಚ್ಚು. ಆದರೆ ಅವರ ಬಾಳಿನ ಮೊದಲ ಭಾಗವು ಬೇರೊಂದು ಪ್ರಶ್ನೆಗೆ ಮೀಸಲಾಗಿತ್ತು. ಹಾರುವ ವಸ್ತುವಿನ ಮೈಮೇಲೆ ಗಾಳಿಯು ಹೇಗೆ ಹರಿಯುತ್ತದೆ, ಅದಕ್ಕೆ ಯಾವ ಆಕಾರ ಒಪ್ಪುತ್ತದೆ ಎಂಬುದೇ ಆ ಪ್ರಶ್ನೆ.

ಧವನ್‌ರು 1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಜನಿಸಿದರು. ಲಾಹೋರಿನಲ್ಲಿ ಮೊದಲು ಗಣಿತ ಮತ್ತು ಭೌತಶಾಸ್ತ್ರಗಳಲ್ಲಿ ಬಿ.ಎ., ಅನಂತರ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಅದಾದ ಮೇಲೆ 1945ರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ. ನಮ್ಮ ಮನೆಯಲ್ಲಿ ಕಾಲೇಜಿನ ಹೊಸ್ತಿಲು ದಾಟಿದವರಲ್ಲಿ ನಾನೇ ಮೊದಲಿಗ. ಬಿ.ಎ. ಓದಿದವನಿಗೆ ವಿಜ್ಞಾನದ ಮಾತೇಕೆ ಎಂದು ಕೇಳುವವರು ನಮ್ಮ ನಡುವೆ ಇದ್ದಾರೆ. ಅಂಥವರಿಗೆ ಈ ಪದವಿಗಳ ಸಾಲನ್ನೇ ಉತ್ತರವಾಗಿ ತೋರಿಸಬಹುದು.

ಮುಂದೆ ಅವರು ಅಮೆರಿಕಕ್ಕೆ ತೆರಳಿ, 1947ರಲ್ಲಿ ಮಿನ್ನೆಸೋಟದಲ್ಲಿ ಎಂ.ಎಸ್., 1951ರಲ್ಲಿ ಕ್ಯಾಲಿಫೋರ್ನಿಯದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಹ್ಯಾನ್ಸ್ ಲೀಪ್‌ಮನ್‌ರ ಬಳಿ ಡಾಕ್ಟರೇಟ್ ಪಡೆದರು. ತೊರೆಯ ನೀರು ನಡುವೆ ಬಿರುಸಾಗಿಯೂ ದಡದ ಬಳಿ ಮೆಲ್ಲಗೂ ಹರಿಯುವಂತೆ, ವಿಮಾನದ ಮೈಗೆ ತಾಗಿದ ಗಾಳಿಯ ತೆಳುಪದರವು ತಡೆದು ನಿಧಾನವಾಗುತ್ತದೆ. ಆ ಘರ್ಷಣೆಯು ವಿಮಾನವನ್ನು ಹಿಂದಕ್ಕೆಳೆಯುತ್ತದೆ. ಆಗ ಇದನ್ನು ಬಹುಮಟ್ಟಿಗೆ ಲೆಕ್ಕದಿಂದ ಪರೋಕ್ಷವಾಗಿಯೇ ಊಹಿಸುತ್ತಿದ್ದರು. ಧವನ್‌ರು ಹಲಗೆಯ ಮೇಲ್ಮೈಯಲ್ಲಿ ಒಂದು ಸಣ್ಣ ತುಂಡನ್ನು ಬಿಡಿಯಾಗಿ ನಿಲ್ಲಿಸಿ, ಗಾಳಿಯು ಅದನ್ನು ಎಳೆಯುವ ಬಲವನ್ನು ನೇರವಾಗಿ ಅಳೆದರು. ಈ ಕಾರ್ಯವು 1953ರಲ್ಲಿ ಅಮೆರಿಕದ ವಿಮಾನಶಾಸ್ತ್ರ ಸಲಹಾ ಸಮಿತಿಯ ವರದಿಯಾಗಿ ಹೊರಬಂದಿತು.

1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದ ಧವನ್‌ರು ಅಲ್ಲಿ ದೇಶದ ಮೊದಲ ಶಬ್ದಾತೀತ ಗಾಳಿಸುರಂಗವನ್ನು ಕಟ್ಟಿದರು. ಅದರ ಬಾಯಿ ಕೇವಲ 1 ಅಂಗುಲಕ್ಕೆ 3 ಅಂಗುಲ! ಗಾಳಿಸುರಂಗದಲ್ಲಿ ವಿಮಾನವು ನಿಂತಿರುತ್ತದೆ, ಗಾಳಿಯು ಓಡುತ್ತದೆ. ಮಾದರಿಯನ್ನಿಟ್ಟು ಅಳೆಯುವುದು, ಆಕಾರ ತಿದ್ದುವುದು, ಮತ್ತೆ ಅಳೆಯುವುದು. ಇದು ತಾಳ್ಮೆಯ ಕೆಲಸ. 1962ರಲ್ಲಿ ಅವರು ಆ ಸಂಸ್ಥೆಯ ನಿರ್ದೇಶಕರಾಗಿ 1981ರವರೆಗೆ ಅದನ್ನು ನಡೆಸಿದರು. ಮುಂದೆ ಜಗತ್ಪ್ರಸಿದ್ಧರಾದ ರೊದ್ದಂ ನರಸಿಂಹರು ಅವರ ಶಿಷ್ಯರು.

ಧವನ್‌ರ ಈ ಕೆಲಸವು ಇಂದು ಯಾವ ದಾರಿ ಹಿಡಿದಿದೆಯೆಂಬುದನ್ನು ಇಲ್ಲಿ ಹೇಳಬೇಕು. ರೆಕ್ಕೆಯ ಸುತ್ತಣ ಗಾಳಿಯ ಹರಿವನ್ನು ಈಗ ಕಂಪ್ಯೂಟರು ಲೆಕ್ಕ ಹಾಕುತ್ತದೆ. ಆದರೆ ಒಂದೊಂದು ಆಕಾರಕ್ಕೂ ಗಂಟೆಗಟ್ಟಲೆ ಹಿಡಿಯಬಹುದು. ಸಾವಿರಾರು ಆಕಾರಗಳಲ್ಲಿ ಉತ್ತಮವಾದುದನ್ನು ಆರಿಸುವುದು ಹೇಗೆ? ಇದಕ್ಕೆ ನ್ಯೂರಲ್ ನೆಟ್‌ವರ್ಕ್ ಎಂಬ ಕೃತಕ ನರಜಾಲವು ನೆರವಾಗುತ್ತದೆ. ನೂರಾರು ಹಲಸಿನ ಹಣ್ಣುಗಳನ್ನು ತಟ್ಟಿ, ಕೊಯ್ದು ನೋಡಿದ ರೈತನು ಮುಂದೆ ತಟ್ಟಿದ ಸದ್ದಿನಿಂದಲೇ ಹಣ್ಣಾಗಿದೆಯೇ ಎಂದು ಹೇಳಬಲ್ಲನಷ್ಟೆ? ಹಾಗೆಯೇ ನರಜಾಲಕ್ಕೆ ಮೊದಲೇ ಬಿಡಿಸಿದ ಲೆಕ್ಕಗಳನ್ನು ಕೊಟ್ಟು, ಅದರ ಉತ್ತರದ ತಪ್ಪು ಕಡಿಮೆಯಾಗುವಂತೆ ತಿದ್ದುತ್ತ ಪಳಗಿಸುತ್ತಾರೆ. ಪಳಗಿದ ಮೇಲೆ ಅದು ಹೊಸ ಆಕಾರದ ಗುಣವನ್ನು ಕ್ಷಣದಲ್ಲಿ ಅಂದಾಜು ಮಾಡುತ್ತದೆ. ಆದರೆ ತಾನು ಕಂಡರಿಯದ ಬಗೆಯ ಆಕಾರ ಬಂದರೆ ಅದು ಎಡವುವುದುಂಟು. ಎಡವಿದಾಗಲೂ ಉತ್ತರವನ್ನೇನೋ ಕೊಟ್ಟೇಕೊಡುತ್ತದೆ. ಅದರ ಮೇಲೆ ಜನರು ಕುಳಿತು ಹಾರಬೇಕಾದ ರೆಕ್ಕೆಯನ್ನು ಬರಿಯ ಅಂದಾಜಿಗೆ ಒಪ್ಪಿಸಲಾಗದು. ಆರಿಸಿದ ಆಕಾರವನ್ನು ಕೊನೆಗೆ ಪೂರ್ಣ ಲೆಕ್ಕದಿಂದಲೂ ಗಾಳಿಸುರಂಗದಲ್ಲಿಯೂ ಪರೀಕ್ಷಿಸಲೇಬೇಕು. ಊಹೆಯನ್ನು ಅಳತೆಗೆ ಒಡ್ಡಬೇಕೆಂಬ ಧವನ್‌ರ ದಾರಿಯು ಹಳತಾಗಿಲ್ಲ.

ವಿಕ್ರಮ್ ಸಾರಾಭಾಯಿಯವರು 1971ರ ಕೊನೆಯಲ್ಲಿ ತೀರಿಕೊಂಡ ಮೇಲೆ, 1972ರಲ್ಲಿ ಧವನ್‌ರು ಬಾಹ್ಯಾಕಾಶ ಕಾರ್ಯದ ಹೊಣೆ ಹೊತ್ತರು. ವಿಜ್ಞಾನ ಮಂದಿರವನ್ನು ಬಿಡುವುದಿಲ್ಲ, ಕೇಂದ್ರ ಕಚೇರಿಯು ಬೆಂಗಳೂರಿನಲ್ಲಿರಬೇಕು ಎಂಬ ಷರತ್ತುಗಳೊಡನೆ ಒಪ್ಪಿಕೊಂಡರು. 1979ರ ಆಗಸ್ಟ್ 10ರಂದು ಎಸ್.ಎಲ್.ವಿ.-3 ರಾಕೆಟ್ಟು ಸಮುದ್ರಕ್ಕೆ ಬಿದ್ದಿತು. ಅಂದು ಪತ್ರಕರ್ತರ ಮುಂದೆ ಕುಳಿತು ಸೋಲಿನ ಹೊಣೆಯನ್ನು ಹೊತ್ತವರು ಧವನ್‌ರು. 1980ರ ಜುಲೈ 18ರಂದು ಅದೇ ಬಗೆಯ ರಾಕೆಟ್ಟು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ, ಪತ್ರಕರ್ತರೆದುರಿಗೆ ಅಬ್ದುಲ್ ಕಲಾಮ್‌ರನ್ನು ಮುಂದೆ ಮಾಡಿದರು. ಯಂತ್ರವು ಎಷ್ಟೇ ಚುರುಕಾಗಿ ಆಕಾರವನ್ನು ಸೂಚಿಸಲಿ, ಸೋಲಿನ ದಿನ ಎದ್ದು ನಿಂತು ಉತ್ತರ ಹೇಳಬೇಕಾದವನು ಮನುಷ್ಯನೇ ಅಲ್ಲವೆ?

1984ರಲ್ಲಿ ಆ ಹುದ್ದೆಯಿಂದ ನಿವೃತ್ತರಾದರೂ ಅವರ ಕುತೂಹಲ ಬತ್ತಲಿಲ್ಲ. ಪಕ್ಷಿಗಳ ಹಾರಾಟವನ್ನು ಕುರಿತು ಅವರು ಒಂದು ಪುಸ್ತಕವನ್ನೇ ಬರೆದರು. ನಮ್ಮ ನೆರೆಯ ರಾಮದೇವರ ಬೆಟ್ಟವು 2012ರಿಂದ ರಣಹದ್ದುಗಳ ಸಂರಕ್ಷಣಾ ಧಾಮವಾಗಿದೆ. ಬಂಡೆ ಕಾದು ಮೇಲೇಳುವ ಬಿಸಿಗಾಳಿಯಲ್ಲಿ ಆ ಹಕ್ಕಿಗಳು ರೆಕ್ಕೆಯ ತುದಿಗರಿಗಳನ್ನು ಬೆರಳುಗಳಂತೆ ಬಿಡಿಸಿ, ಬಡಿಯದೆಯೇ ಸುತ್ತುತ್ತ ಏರುತ್ತವೆ. ಯಾವ ಲೆಕ್ಕವೂ ಇಲ್ಲದೆ ಪ್ರಕೃತಿಯು ಯುಗಯುಗಗಳಲ್ಲಿ ತಿದ್ದಿದ ಆಕಾರವದು.

ಧವನ್‌ರು 2002ರ ಜನವರಿ 3ರಂದು ಬೆಂಗಳೂರಿನಲ್ಲಿ ನಿಧನರಾದರು. ಶ್ರೀಹರಿಕೋಟೆಯ ಉಡ್ಡಯನ ಕೇಂದ್ರಕ್ಕೆ ಅವರ ಹೆಸರನ್ನಿಡಲಾಗಿದೆ. ಊಹಿಸುವ ಧೈರ್ಯ, ಅಳೆದು ನೋಡುವ ತಾಳ್ಮೆ, ತಪ್ಪಿಗೆ ತಲೆಬಾಗುವ ದೊಡ್ಡತನ. ಈ ಮೂರೂ ಒಬ್ಬರಲ್ಲಿ ಕೂಡಿದ್ದವು. ಹಳ್ಳಿಗಳಿಂದ ಬಂದು ಓದುತ್ತಿರುವ ನಮ್ಮಂಥವರು ಅವರಿಂದ ಪಡೆಯಬೇಕಾದ ಆಸ್ತಿ ಇದೇ ಎಂದು ನಾನು ನಂಬಿದ್ದೇನೆ.